ಹುಟ್ಟು ಹಾಕಿಕೊಂಡು ಮಾದಪ್ಪನ ಬೆಟ್ಟಕ್ಕೆ

ಏಳನೇ ಕ್ಲಾಸು ಮುಗಿಯುವ ಮೊದಲೇ ನಾನು ಶಾಲೆಗೆ ಕೈ ಮುಗಿದೆ. ಶಾಲೆಯೇನೂ ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲಿಂದ ನೇರ ವೆಲ್ಡಿಂಗ್ ಕೆಲಸಕ್ಕೆ ಬಿದ್ದವನು, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೊಳ್ಳೇಗಾಲದಲ್ಲಿ ನನ್ನದೇ ಶೆಡ್ಡು ಹಾಕಿದೆ. ನಮ್ಮ ಕಡೆ ಯಾವ ಗೇಟನ್ನಾದರೂ ತಳ್ಳಿ ನೋಡಿ. ಕಿರುಗುಟ್ಟದಿದ್ದರೆ ಅದು ನಾನು ಮಾಡಿದ್ದು. ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ಮೂರು ಜನ ಸೇರಿಕೊಂಡು ನನ್ನ ಕೆಲಸದ ಮೇಲೆ ಗೂಬೆ ಕೂರಿಸುತ್ತಾರೆ. ನೀವು ಅವರನ್ನು ನಂಬಬಾರದು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಗುಜರಿಯವನೊಬ್ಬ ಮುಚ್ಚಿಹೋದ ಯಾವುದೋ ದೊಡ್ಡ ಹೋಟೆಲಿನ ಸಾಮಾನಿನ ಜೊತೆ ಒಂದು ವಿಚಿತ್ರ ಯಂತ್ರ ತಂದು ನನ್ನ ಬಾಗಿಲಲ್ಲಿ ಇಳಿಸಿದ. ಉದ್ದನೆಯ ಕಂಬಿ, ಕಂಬಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಸೀಟು, ಎದುರಿಗೆ ಫ್ಯಾನಿನಂಥ ಗಾಲಿ, ಗಾಲಿಯಿಂದ ಜೋತಾಡುವ ತುಂಡು ಚೈನು.

“ಇದೇನ್ಲಾ, ಹೆಣ ಒರೋ ಗಾಡಿನಾ?” ಅಂದೆ.

“ದೋಣಿ ಕಣಣ್ಣೋ. ನೀರಿಲ್ದಲೇ ಉಟ್ಟಾಕೋದು. ದುಡ್ಡಿರೋರು ಬೆಳಿಗ್ಗೆ ಬೆಳಿಗ್ಗೆ ಇದ್ರಲ್ಲಿ ಕೂತ್ಕೊಂಡು ಎಲ್ಗೂ ಓಗ್ದಲೇ ಬೆವರು ಸುರಿಸ್ತಾರಂತೆ.”

ಎಲ್ಲಿಗೂ ಹೋಗದೆ ಬೆವರು ಸುರಿಸುವುದರಲ್ಲಿ ನನಗೂ ಒಂದಿಷ್ಟು ಅನುಭವವಿತ್ತು. ಯಂತ್ರ ಇಟ್ಟುಕೊಂಡೆ. ಸೈಕಲ್ ಚೈನು ಜೋಡಿಸಿದೆ, ಹಿಡಿಗೆ ಹೊಸ ಪೈಪು ಬೆಸೆದೆ. ಎರಡು ಟಾರ್ಚ್ ಸೆಲ್ ಹಾಕುತ್ತಲೇ ಅದರ ಮೀಟರಿಗೂ ಜೀವ ಬಂತು. ಒಂದು ಸಲ ಎಳೆದರೆ ಇಷ್ಟು ಮೀಟರ್ ದೂರ ಹೋದೆ ಅಂತ ತೋರಿಸುತ್ತಿತ್ತು. ಕೂತಲ್ಲೇ ಕೂತವನಿಗೆ ದೂರ ಹೋದೆ ಅಂತ ಹೇಳುವ ಯಂತ್ರ ಮಾಡಿದವನು ಭಾರಿ ಆಸಾಮಿಯೇ ಇರಬೇಕು.

ಮೊದಲು ಬಂದು ಕೂತವನು ಪಕ್ಕದ ಬೇಕರಿಯವನು. ಯಳಂದೂರಿನಿಂದ ಬಂದು ನಮ್ಮಲ್ಲಿ ಬೇಕರಿ ಇಟ್ಟವನು. ಅವನ ಹೊಟ್ಟೆ ಅವನಿಗಿಂತ ಒಂದು ಗಳಿಗೆ ಮೊದಲು ಶೆಡ್ಡಿನೊಳಕ್ಕೆ ಬರುತ್ತಿತ್ತು. ಅದನ್ನು ಇಳಿಸಬೇಕಾಗಿತ್ತು. ಎರಡನೆಯವನು ಹನೂರಿನ ಟೆಂಪೋ ಡ್ರೈವರು. ಸಂಜೆ ಜನ ತುಂಬುವವರೆಗೂ ನನ್ನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಬೀಡಿ ಸೇದುತ್ತಿದ್ದ. ಮೂರನೆಯವನು ರೇಷ್ಮೆ ಸೀರೆ ನೇಯುವ ಮಗ್ಗದವನು, ನನ್ನ ಹಳೆಯ ಸ್ನೇಹಿತ. ಈ ಯಾತ್ರೆ ಶುರುವಾದದ್ದೇ ಅವನಿಂದ.

ಹಿಂದಿನ ವರ್ಷ ದೀಪಾವಳಿ ಕಳೆದ ಮೇಲೆ ಅವನ ಮಗಳಿಗೆ ಕಾಮಾಲೆ ಆಗಿ ಕೈಮೀರುವ ಹಾಗಿತ್ತು. ಮಗು ಉಳಿದರೆ ಬರುವ ದೀಪಾವಳಿಯೊಳಗೆ ನನ್ನ ಮೈಯ ಶಕ್ತಿಯಿಂದಲೇ ನಿನ್ನ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆ, ಅಲ್ಲಿಯವರೆಗೆ ಕೂದಲು ಗಡ್ಡ ಮುಟ್ಟುವುದಿಲ್ಲ ಅಂತ ಮಾದಪ್ಪನಿಗೆ ಹರಕೆ ಕಟ್ಟಿಕೊಂಡ. ಮಗು ಉಳಿಯಿತು. ಆಮೇಲೆ ಇವನು ಸ್ಕೂಟರಿನಿಂದ ಬಿದ್ದು ಕಾಲಿನ ಗಿಣ್ಣು ಪುಡಿ ಮಾಡಿಕೊಂಡ. ಬೀದಿಯ ಕೊನೆಯವರೆಗೆ ನಡೆಯಬಲ್ಲ, ಎಂಬತ್ತು ಕಿಲೋಮೀಟರ್ ದೂರದ ಬೆಟ್ಟಕ್ಕೆ ಸಾಧ್ಯವೇ ಇಲ್ಲ ಅಂತ ಡಾಕ್ಟರು ಹೇಳಿಬಿಟ್ಟರು. ಬಸ್ಸಿನಲ್ಲಿ ಹೋಗಿ ಬಾ, ದೇವರಿಗೂ ಕಣ್ಣಿದೆ ಅಂತ ಮನೆಯವರೆಲ್ಲ ಹೇಳಿದರು.

“ಬಸ್ಸತ್ಕೊಂಡು ಓಗಕ್ಕೆ ನಾನೇನು ಡಿಪೋಗಾ ಅರ್ಕೆ ಕಟ್ಕೊಂಡಿರೋದು?” ಅಂದ.

ಗಡ್ಡ ಎದೆಗೆ ಬಂದಿತ್ತು. ನೇಯುವಾಗ ರೇಷ್ಮೆ ಎಳೆಗೆ ಸಿಕ್ಕಿಕೊಳ್ಳುತ್ತಿತ್ತು. “ನನ್ನ ಬೇಕರಿ ಒಳಕ್ಕೆ ಮಾತ್ರ ಬರ್ಬ್ಯಾಡ ಕಣ್ಲಾ, ಬನ್ನಲ್ಲಿ ಕೂದ್ಲು ಸಿಕ್ರೆ ಎಲ್ರೂ ನಂದೇ ಅಂತಾರೆ,” ಅನ್ನುತ್ತಿದ್ದ ಬೇಕರಿಯವನು. ಅವನ ತಲೆಯಲ್ಲಿ ಕೂದಲೇ ಇರಲಿಲ್ಲ.

ಹಾಗಿರುವಾಗ ಒಂದು ಸಂಜೆ ಮಗ್ಗದವನು ಯಂತ್ರದಲ್ಲಿ ಕೂತು, ಕೆಟ್ಟ ಕಾಲಿಗೆ ಲಾರಿ ಟ್ಯೂಬಿನ ತುಂಡು ಸುತ್ತಿಕೊಂಡು, ಸುಮ್ಮನೆ ಎಳೆಯುತ್ತ ಹೋದ. ಮೈಭಾರ ಕಾಲಿನ ಮೇಲೆ ಬೀಳುವುದಿಲ್ಲವಲ್ಲ, ನೋವಾಗಲಿಲ್ಲ. ನಿಲ್ಲಿಸಿ ಮೀಟರ್ ನೋಡಿದ.

“ಇಷ್ಟು ದೂರ ಓದ್ರೆ ಎಲ್ಲಿಗ್ಲಾ ಬರ್ತದೆ?”

ಡ್ರೈವರು ಬೀಡಿ ತೆಗೆದು ಯೋಚಿಸಿದ. “ಮಧುವನಳ್ಳಿ ಅರ್ಧ ದಾರಿ.”

“ಅಂಗಾರೆ ನಾನು ಇಂಗೇ ಬೆಟ್ಟಕ್ಕೋಯ್ತೀನಿ.”

ನಾವು ನಕ್ಕೆವು. ಅವನು ನಗಲಿಲ್ಲ. ಮೈಯ ಶಕ್ತಿಯಿಂದ ಅಂತ ಹೇಳಿದ್ದೆ, ಕಾಲ ಮೇಲೆ ಅಂತ ಹೇಳಿರಲಿಲ್ಲ ಅಂದ. ವಕೀಲರು ಕೂಡ ದೇವರ ಹತ್ತಿರ ಇಷ್ಟು ಪಾಯಿಂಟು ಹಾಕುವುದಿಲ್ಲ.

ಒಬ್ಬನನ್ನೇ ಕಳಿಸುವುದು ಹೇಗೆ ಅಂತ ನಾವು ಮೂವರೂ ಹೊರಟೆವು. ಬೇಕರಿಯವನು ಹೊಟ್ಟೆಗಾಗಿ, ಡ್ರೈವರು ಆ ರಸ್ತೆಯನ್ನು ಒಂದು ಸಲವಾದರೂ ಸ್ಟೇರಿಂಗ್ ಹಿಡಿಯದೆ ನೋಡಬೇಕೆಂದು, ನಾನು ನನ್ನ ಯಂತ್ರದಲ್ಲಿ ಇನ್ನೊಬ್ಬ ನನ್ನನ್ನು ಹಿಂದೆ ಹಾಕಬಾರದೆಂದು. ಅವರವರ ದಾರಿ ಅವರವರೇ ಎಳೆಯಬೇಕು, ಸಾಲ ಇಲ್ಲ, ದಾನ ಇಲ್ಲ. ಯಾತ್ರೆ ಅಂದ ಮೇಲೆ ದಿಕ್ಕು ಸರಿಯಿರಬೇಕಲ್ಲ? ಪೂರ್ವದ ಗೋಡೆಗೆ ಹುಲಿಯ ಮೇಲೆ ಕೂತ ಮಾದಪ್ಪನ ಪಟ ಹಾಕಿ, ಕೂತವನ ಮುಖ ನೇರ ಪಟಕ್ಕೆ, ಅಂದರೆ ಬೆಟ್ಟಕ್ಕೆ, ಬರುವ ಹಾಗೆ ಯಂತ್ರವನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿದು ಸಿಮೆಂಟು ಜಡಿದೆ. ಆನೆ ಬಂದು ಎಳೆದರೂ ಅಲುಗಬಾರದು, ಹಾಗೆ.

ಆ ಸಂಜೆಗಳು ಚೆನ್ನಾಗಿದ್ದವು. ಮೀಟರಿನ ಲೆಕ್ಕದಲ್ಲಿ ದಾರಿಯ ಯಾವ ಊರು ಬಂತು ಅಂತ ಡ್ರೈವರು ಹೇಳುತ್ತಿದ್ದ. ಒಬ್ಬ ಎಳೆಯುತ್ತಿದ್ದರೆ ಮೂವರು ಸುತ್ತ ನಿಂತು ಹುರಿದುಂಬಿಸುವುದು. ನಮ್ಮ ಹುರಿದುಂಬಿಸುವಿಕೆ ಎಂದರೆ ಬೈಗುಳವೇ. “ಎಳೀಲಾ, ಕಾಮಗೆರೆ ಹೆಂಗಸ್ರು ನಗ್ತಾವ್ರೆ.” “ನಿನ್ನ ಇಂದೆ ಎಮ್ಮೆ ಬತ್ತಾ ಅದೆ, ಅದಾದ್ರೂ ಮುಂದಕ್ಕೋಗ್ಲಿ, ದಾರಿ ಬುಡು.” ಬೇಕರಿಯವನು ಹನೂರು ತಲುಪಿದ ದಿನ ಡ್ರೈವರು ತನ್ನೂರಿನ ಮರ್ಯಾದೆ ಅಂತ ಎಲ್ಲರಿಗೂ ಟೀ ಕೊಡಿಸಿದ. ಬೇಕರಿಯವನು ಟೀ ಜೊತೆಗೆ ಮೂರು ಬೆಣ್ಣೆ ಬಿಸ್ಕತ್ತು ತಿಂದು ಕಾಮಗೆರೆಯಿಂದ ಹನೂರಿನವರೆಗೆ ಕರಗಿಸಿದ್ದನ್ನು ಅಲ್ಲೇ ತುಂಬಿಸಿಕೊಂಡ.

ಮಗ್ಗದವನೇ ಎಲ್ಲರಿಗಿಂತ ಮುಂದಿದ್ದ. ಹುಟ್ಟಿದಾಗಿನಿಂದ ಕೂತು ಕೈಕಾಲು ಆಡಿಸಿದವನು. ಕೌದಳ್ಳಿ ದಾಟಿ ಕಾಡಿನೊಳಕ್ಕೆ ಹೋಗಿದ್ದ. ಅಲ್ಲಿಗೆ ಮಳೆಗಾಲವೂ ಅರ್ಧ ಕಳೆದಿತ್ತು.

ಆಗ ಬೇಕರಿಯ ಟಿವಿಯಲ್ಲಿ ದೋಣಿ ಪಂದ್ಯ ಬಂತು. ಯಾವುದೋ ದೇಶದ ಹೊಳೆ, ಉದ್ದುದ್ದ ದೋಣಿ, ಒಳಗೆ ನಮ್ಮ ಹಾಗೆಯೇ ಜಾರುವ ಸೀಟಿನಲ್ಲಿ ಕೂತು ಎಳೆಯುವ ಜನ. ಬೇಕರಿಯವನು ನಮ್ಮನ್ನೆಲ್ಲ ಕೂಗಿ ಕರೆದ. ನಾವು ನಮ್ಮ ನೆಂಟರನ್ನು ನೋಡುವವರ ಹಾಗೆ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಡ್ರೈವರನ ಬಾಯಿಂದ ಬೀಡಿ ಬಿತ್ತು.

“ಲೇ, ಇವ್ರು ರಿವರ್ಸಲ್ಲಿ ಓಯ್ತಾವ್ರೆ.”

ಹೌದು. ಅವರ ಮುಖ ಒಂದು ಕಡೆ, ದೋಣಿ ಹೋಗುವುದು ಅವರ ಬೆನ್ನಿನ ಕಡೆ. ನಮ್ಮ ಸತ್ತೇಗಾಲದ ಹೊಳೆಯಲ್ಲಿ ತೆಪ್ಪ ಹಾಕುವವನು ಹೋಗುವ ಕಡೆಗೇ ಮುಖ ಮಾಡಿ ಕೂರುತ್ತಾನೆ. ದೋಣಿ ಅಂದರೆ ನಾವು ಕಂಡದ್ದು ಅದೊಂದೇ. ಹಿಂದು ಮುಂದಾಗಿ ಕೂರುವ ದೋಣಿ ಲೋಕದಲ್ಲಿದೆ ಅಂತ ಯಾರು ಕನಸು ಕಂಡಿದ್ದರು?

ನಾಲ್ಕೂ ಜನ ಶೆಡ್ಡಿಗೆ ಬಂದು ಯಂತ್ರವನ್ನು ನೋಡುತ್ತ ನಿಂತೆವು. ಮುಖ ಬೆಟ್ಟದ ಕಡೆ. ಬೆನ್ನು ಪಡುವಣಕ್ಕೆ.

“ಅಂಗಾರೆ ನಾನೀಗ ಎಲ್ಲಿವ್ನಿ?” ಅಂದ ಮಗ್ಗದವನು.

ಡ್ರೈವರು ಕಣ್ಣು ಮುಚ್ಚಿ ಆ ಕಡೆಯ ರಸ್ತೆಯನ್ನು ಅಳೆದ. “ನರಸೀಪುರದ ಸೇತ್ವೆ ದಾಟಿದ್ದೀಯೆ. ಮೈಸೂರು ಬಸ್ ಸ್ಟ್ಯಾಂಡ್ ಹತ್ರ ಹತ್ರ ಇದ್ದೀಯೆ ಕಣ್ಲಾ.”

ಬೇಕರಿಯವನಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. “ಗುಡಿಯಿಂದ ಆಚ್ಗೆ ಬರೋವಾಗ ದೇವ್ರಿಗೆ ಬೆನ್ನು ತೋರಿಸ್ಬಾರ್ದು ಅಂತ ಇಂಗೇ ಅಲ್ವಾ ಇಂದಿಂದಕ್ಕೆ ಬರೋದು? ನಾವು ದೇವ್ರ ಮುಂದ್ಕೆ ಓಗೇ ಇಲ್ಲ, ಮೂರು ತಿಂಗ್ಳಿಂದ ಓಗ್ಬುಟ್ಟು ಬತ್ತೀವಪ್ಪ ಅಂತ ಎದ್ದು ಬತ್ತಾ ಇದ್ದೀವಿ!”

ಮೂವರೂ ನನ್ನ ಕಡೆ ತಿರುಗಿದರು. ಬೋಲ್ಟು ಬಿಗಿದವನು ನಾನಲ್ಲವೇ?

“ದೇವ್ರ ಪಟಕ್ಕೆ ಮುಖ ಮಾಡಿ ಕೂರ್ಸಿದ್ದು ತಪ್ಪಾ?” ಅಂತ ನಾನೂ ದಬಾಯಿಸಿದೆ. “ಬೆಟ್ಟದ ಕಡೆ ಓಗ್ಬೇಕು ಅಂದ್ರೆ ಮಾದಪ್ಪನಿಗೆ ಬೆನ್ನು ಹಾಕಿ ಕೂರ್ಬೇಕು. ಯಾವ ನನ್ಮಗ ಕೂರ್ತೀರಿ, ಕೂರ್ರಿ ನೋಡಾನ.”

ಯಾರೂ ಕೂರಲಿಲ್ಲ. ದೇವರಿಗೆ ಮುಖ ಮಾಡಿದರೆ ಮೈಸೂರು, ಬೆನ್ನು ಮಾಡಿದರೆ ಬೆಟ್ಟ. ಮಗ್ಗದವನು ಕಾಲಿಗೆ ಸುತ್ತಿದ್ದ ಟ್ಯೂಬು ಬಿಚ್ಚಿ ಬೆಂಚಿನ ಮೇಲಿಟ್ಟು ಕುಂಟುತ್ತ ಮನೆಗೆ ಹೋದ. ಮಾರನೆ ದಿನ ಬರಲಿಲ್ಲ. ಅದರ ಮಾರನೆ ದಿನವೂ ಇಲ್ಲ. ನಾವು ಮೂವರೂ ಯಂತ್ರ ಮುಟ್ಟಲಿಲ್ಲ. ದೀಪಾವಳಿ ದೂರವೇನೂ ಇರಲಿಲ್ಲ.

ಕಡೆಗೆ ನಾನೇ ಅವನ ಮನೆಗೆ ಹೋದೆ. ಅವನು ಮಗ್ಗದ ಗುಂಡಿಯಲ್ಲಿ ಕೂತು ಲಾಳಿ ಹಿಡಿದುಕೊಂಡಿದ್ದ, ನೇಯುತ್ತಿರಲಿಲ್ಲ. ಮಗಳು ಪಕ್ಕದಲ್ಲಿ ಅವನ ಗಡ್ಡಕ್ಕೆ ಜಡೆ ಹಾಕುತ್ತಿತ್ತು. ಅವನಿಗೆ ಅದರ ಪರಿವೆಯೂ ಇರಲಿಲ್ಲ.

ಅವನ ಹೆಂಡತಿ ಸತ್ತೇಗಾಲದವಳು, ಮಾತು ಬಿಗಿ. ನನಗೆ ನೀರು ಕೊಟ್ಟು, “ಕೂತ್ಕೊಳಣ್ಣ. ನಿಮ್ಮ ಸ್ನೇಹಿತ್ರು ಊಟ ಸೈತ ಸರಿಯಾಗಿ ಮಾಡ್ತಿಲ್ಲ. ದೇವ್ರಿಗೆ ಬೆನ್ನು ಹಾಕಂಗಿಲ್ಲ ಅಂತ ಗ್ಯಾನ,” ಅಂದಳು. ಆಮೇಲೆ ಅವನ ಕಡೆ ತಿರುಗಿ, “ನಾನು ಸಣ್ಣೋಳಿದ್ದಾಗ ನಮ್ಮಪ್ಪ ಗಾಡಿ ಕಟ್ಕೊಂಡು ಬೆಟ್ಟಕ್ಕೆ ಕರ್ಕೊಂಡೋಗೋನು. ಮಕ್ಳೆಲ್ಲ ಗಾಡಿ ಇಂದ್ಗಡೆ ಕಾಲು ಇಳಿಬುಟ್ಕೊಂಡು ಕೂತ್ಕೋತಿದ್ವಿ. ದಾರಿ ಉದ್ದಕ್ಕೂ ಬೆಟ್ಟ ನಮ್ಮ ಬೆನ್ಗೇ ಇತ್ತು. ಅದ್ಕೇನು ಮಾದಪ್ಪ ನಮ್ಮನ್ನ ವಾಪಸ್ ಕಳಿಸ್ನಾ? ಏಳಿ, ಅನ್ನ ಉಂಡು ಓಗಿ ಎಳೀರಿ,” ಅಂದಳು.

ಅವನು ಲಾಳಿ ಕೆಳಗಿಟ್ಟು ನನ್ನ ಕಡೆ ನೋಡಿದ. “ಬೋಲ್ಟು ಬಿಚ್ತೀಯಾ?”

ಬಿಚ್ಚಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಉಳಿ ಸುತ್ತಿಗೆ ತೆಗೆದುಕೊಂಡು ನನ್ನ ಸಿಮೆಂಟನ್ನು ನಾನೇ ಒಡೆದೆ. ಕೆಲಸ ಅಷ್ಟು ಗಟ್ಟಿಯಾಗಿತ್ತು. ಇವತ್ತಿಗೂ ಹೇಳುತ್ತೇನೆ, ಬಿಗಿದವನ ಕೈಯಲ್ಲಿ ತಪ್ಪಿರಲಿಲ್ಲ, ದೋಣಿ ಕಂಡುಹಿಡಿದವನ ತಲೆಯಲ್ಲಿತ್ತು.

ಯಂತ್ರ ತಿರುಗಿತು. ಈಗ ಇನ್ನೊಂದು ಜಗಳ. ಲೆಕ್ಕ ಎಲ್ಲಿಂದ ಶುರು?

“ಕೊಳ್ಳೇಗಾಲದಿಂದ್ಲೇ ಇಟ್ಕೊ,” ಅಂದ ಬೇಕರಿಯವನು. “ಮೈಸೂರಿಂದ ರಾತ್ರಿ ಬಸ್ಸಲ್ಲಿ ಬಂದೆ ಅನ್ಕೊ.”

“ನನ್ನ ಮೈ ಮೈಸೂರಲ್ಲೇ ಅದೆ,” ಅಂದ ಮಗ್ಗದವನು. “ಅಲ್ಲಿಂದ್ಲೇ ಎಳ್ಕೊಂಡು ಬತ್ತೀನಿ.”

“ಅಂಗಾರೆ ನಾನು ಮೈಸೂರಲ್ಲೇ ಇದ್ಬುಡ್ತೀನಿ ಕಣಪ್ಪ. ಊರು ಚೆನ್ನಾಗದೆ, ಬೇಕರಿಗಳೂ ಅವೆ.” ಬೇಕರಿಯವನು ಅಲ್ಲಿಗೆ ಯಾತ್ರೆ ಮುಗಿಸಿದ. ಆದರೆ ಅಂದಿನಿಂದ ಒಂದು ಸಂಜೆಯೂ ತಪ್ಪಿಸದೆ ಬಂದು, ಮಗ್ಗದವನ ಬೆವರು ಒರೆಸಿ, ಬೆಲ್ಲದ ನೀರು ಕುಡಿಸಿ, ಬಾಯಿಗೆ ಬಂದಂತೆ ಬೈದು ಎಳೆಸಿದವನು ಅವನೇ. ಡ್ರೈವರೂ ನಾನೂ ನಮ್ಮ ಸರದಿ ಬಿಟ್ಟುಕೊಟ್ಟೆವು. ಹಿಂದಿನ ಎರಡರಷ್ಟು ಎಳೆಯದಿದ್ದರೆ ದೀಪಾವಳಿಗೆ ಮುಟ್ಟುವ ಹಾಗಿರಲಿಲ್ಲ. ಅಂಗೈ ಬೊಬ್ಬೆ ಒಡೆದವು. ರೇಷ್ಮೆ ಎಳೆಗೆ ರಕ್ತ ತಾಗಬಾರದೆಂದು ಬಟ್ಟೆ ಕಟ್ಟಿಕೊಂಡು ನೇಯ್ದ, ಅದೇ ಬಟ್ಟೆಯಲ್ಲಿ ಸಂಜೆ ಬಂದು ಎಳೆದ. ಎಳೆದು ಎಳೆದು ಕೊಳ್ಳೇಗಾಲಕ್ಕೆ ಬಂದ ದಿನ, ನಾವು ಅವನ ಎದುರೇ ನಿಂತಿದ್ದರೂ ಊರಿಂದ ಬಂದವನ ಹಾಗೆ ಯೋಗಕ್ಷೇಮ ವಿಚಾರಿಸಿದೆವು.

ಆಮೇಲೆ ಮತ್ತೆ ಕಾಮಗೆರೆ, ಹನೂರು, ಕೌದಳ್ಳಿ. ಈ ಸಲ ನಿಜವಾದವು.

ದೀಪಾವಳಿಗೆ ಇನ್ನೇನು ಬೆರಳೆಣಿಕೆಯ ದಿನ ಅನ್ನುವಾಗ ತಾಳುಬೆಟ್ಟ ಬಂತು. ಅಲ್ಲಿಂದ ಮೇಲೆ ಘಾಟಿ. ಮಗ್ಗದವನು ಎಳೆಯುವುದು ನಿಲ್ಲಿಸಿದ.

“ಆ ಲಿವರು ಪೂರ್ತಿ ಬಿಗಿ ಕಣ್ಲಾ.”

ಗಾಲಿಗೆ ಗಾಳಿ ಹೆಚ್ಚು ಕಡಿಮೆ ಮಾಡುವ ಒಂದು ಲಿವರು ಇತ್ತು. ಪೂರ್ತಿ ಬಿಗಿದರೆ ಕಲ್ಲು ಎಳೆದ ಹಾಗೆ. “ಯಾಕ್ಲಾ, ತಲೆ ಕೆಟ್ಟದಾ?” ಅಂದೆ.

“ಘಾಟಿ ಅಲ್ವಾ? ಸಲೀಸಾಗಿ ಅತ್ಬುಟ್ರೆ ಅವನು ನಂಬ್ತಾನಾ?”

ಬಿಗಿದೆ. ಎಳೆದ. ಕತ್ತಿನ ನರ ಹಗ್ಗದ ಹಾಗೆ ಎದ್ದವು. ಅರ್ಧ ಘಾಟಿಯಲ್ಲಿ ಮೀಟರಿನ ಅಂಕಿಗಳು ಮಸುಕಾಗಿ ಆರಿಹೋದವು. ಸೆಲ್ ಮುಗಿದಿತ್ತು. ಬೇಕರಿಯವನು ಸೆಲ್ ತರಲು ಓಡಬೇಕೆನ್ನುವಾಗ ಡ್ರೈವರು ಅವನ ಅಂಗಿ ಹಿಡಿದು ನಿಲ್ಲಿಸಿದ.

“ಮೀಟ್ರು ಯಾರಿಗ್ಲಾ ಬೇಕು? ನಾನಿಲ್ವಾ?”

ಅವನು ಮಗ್ಗದವನ ಎದುರು ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಗಾಳಿಯಲ್ಲಿ ಸ್ಟೇರಿಂಗ್ ಹಿಡಿದ. “ಎಡಕ್ಕೆ ತಿರುವು... ಎಳಿ, ಎಳಿ. ಬಲಕ್ಕೆ, ದೊಡ್ಡ ಬಂಡೆ. ಎದುರ್ಗೆ ಲಾರಿ ಬತ್ತಾ ಅದೆ, ನಿಧಾನ. ಓಯ್ತು, ಎಳಿ. ಇನ್ನೊಂದು ತಿರುವು.” ನಾನೂ ಬೇಕರಿಯವನೂ ಎರಡು ಕಡೆ ನಿಂತು ಉಘೇ ಉಘೇ ಅಂತ ಕೂಗುತ್ತಿದ್ದೆವು. ಬೀದಿಯ ಜನ ಬಾಗಿಲಲ್ಲಿ ಕೂಡಿಕೊಂಡು, ವೆಲ್ಡಿಂಗ್ ಅಂಗಡಿಯಲ್ಲಿ ಯಾರಿಗೋ ದೇವರು ಬಂದಿದೆ ಅಂತ ಕೈ ಮುಗಿಯುತ್ತಿದ್ದರು.

ಡ್ರೈವರು ಬ್ರೇಕು ಒತ್ತಿದ. “ಬಂತು. ಇಳಿ.”

ಮಗ್ಗದವನು ಇಳಿಯಲಿಲ್ಲ. ಇನ್ನೂ ಒಂದಷ್ಟು ಸಲ ಎಳೆದ. “ಗಾಡಿ ನಿಲ್ಲೋ ಜಾಗದಿಂದ ಗುಡಿ ಬಾಗ್ಲವರೆಗೆ ಯಾರು ಓಗೋದು, ನಿಮ್ಮಪ್ಪನಾ?” ಅಂದ. ಆಮೇಲೆ ಹಿಡಿ ಬಿಟ್ಟ. ಮಂಡಿಯ ಮೇಲೆ ತಲೆ ಇಟ್ಟುಕೊಂಡು ತುಂಬ ಹೊತ್ತು ಹಾಗೇ ಕೂತಿದ್ದ. ಬೇಕರಿಯವನು ಬೆಲ್ಲದ ನೀರು ತಂದು ಅವನ ಪಕ್ಕದಲ್ಲಿಟ್ಟ.

ಬೆಳಿಗ್ಗೆ ಅವನ ಹೆಂಡತಿ ಮಗಳ ಜೊತೆ ನಾವೆಲ್ಲರೂ ಮುಡಿ ಕೊಡಿಸಲು ಬಸ್ ಹತ್ತಿದೆವು. ಈಗ ಬಸ್ಸಿಗೆ ಅವನ ತಕರಾರಿರಲಿಲ್ಲ. ಮಗಳು ದಾರಿಯುದ್ದಕ್ಕೂ ಕಿಟಕಿಯಿಂದ ಅದೇನು, ಇದ್ಯಾವ ಊರು ಅಂತ ಕೇಳುತ್ತಲೇ ಇತ್ತು. ಡ್ರೈವರು ಹೇಳುತ್ತಲೇ ಇದ್ದ. ಮಗ್ಗದವನು ಮಾತ್ರ ಮಧುವನಹಳ್ಳಿ ಬರುವ ಮೊದಲೇ ಆ ಗಡ್ಡದ ಸಮೇತ ನನ್ನ ಹೆಗಲಿಗೆ ಒರಗಿ ಗೊರಕೆ ಹೊಡೆಯತೊಡಗಿದ. ಹೊರಗೆ ಯಾವ ಊರು ಬಂತು, ಯಾವುದು ಹೋಯಿತು ಅಂತ ಒಂದು ಸಲವೂ ಕಣ್ಣು ಬಿಟ್ಟು ನೋಡಲಿಲ್ಲ. ಅವನು ನೋಡಿ ಆಗಿತ್ತಲ್ಲ.