ಸಲಾಕೆಯ ಬುಡದ ಮೂರು ಚುಕ್ಕೆ

ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನುತ್ತಾರೆ. ಎಲ್ಲಿ, ಎಷ್ಟು ಕಾಯಿಸಬೇಕು ಅನ್ನುವುದೇ ನನ್ನ ಸಂಶೋಧನೆ. ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿ ನೋಯುತ್ತದೆ, ಆದರೂ ಹೇಳುತ್ತೇನೆ. ತಾಮ್ರದ ಸುರುಳಿಯಲ್ಲಿ ಕರೆಂಟು ದಿಕ್ಕು ಬದಲಿಸುತ್ತಿದ್ದರೆ ಅದರೊಳಗಿಟ್ಟ ಕಬ್ಬಿಣದಲ್ಲೂ, ತಂತಿ ಮುಟ್ಟದೆಯೇ, ಕೋಡಿ ಬಿದ್ದ ಕೆರೆಯ ನೀರಿನಂತೆ ಕರೆಂಟು ಸುಳಿ ಸುತ್ತುತ್ತದೆ. ಕಬ್ಬಿಣ ಕೆಂಪಗಾಗುತ್ತದೆ. ಆ ಸುಳಿಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬೇಕಾದ ಕಡೆ ಬೇಕಾದಷ್ಟೇ ಕಾಯುವಂತೆ ಕರೆಂಟನ್ನು ಏರಿಸಿ ಇಳಿಸುವುದು ನನ್ನ ಕೆಲಸ.

ಅಪ್ಪನದು ಮಾಯಸಂದ್ರದಲ್ಲಿ ಕುಲುಮೆ. ತೆಂಗಿನಕಾಯಿ ಸುಲಿಯಲು ನೆಲಕ್ಕೆ ನೆಡುವ ಸಲಾಕೆ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮಗಳ ಮಾತು ಅಂತ ಬೇಕಾದರೆ ಅರ್ಧ ಕಳೆದು ಕೇಳಿ. ಸಲಾಕೆಯ ತುದಿ ಗಡಸಾಗಿರಬೇಕು, ಬುಡ ಮೆತ್ತಗಿರಬೇಕು. ತುದಿಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಹಾಕಿದ ಮೇಲೆ ಅಪ್ಪ ಬುಡಕ್ಕೆ ಚೂಪು ಮೊಳೆಯಿಂದ ಮೂರು ಚುಕ್ಕೆ ಹೊಡೆಯುತ್ತಾರೆ. ಅದು ನಮ್ಮ ಮನೆಯ ಗುರುತು. ಬುಡ ಮೆತ್ತಗಿದ್ದರೆ ಮಾತ್ರ ಚುಕ್ಕೆ ಕೂರುತ್ತದೆ.

ಅಪ್ಪ ಬಡಿದುಕೊಟ್ಟ ಸಲಾಕೆಗಳಲ್ಲಿ, ಕಾಲೇಜಿನ ಲ್ಯಾಬಿನ ಸುರುಳಿಯಲ್ಲಿ ನಾನು ಹದ ಹಾಕಿದ ಮೊದಲನೆಯದನ್ನು ಜಂಬದಿಂದಲೇ ಕುಲುಮೆಗೆ ತಂದೆ. ಅಪ್ಪ ಮೊಳೆ ಇಟ್ಟು ಹೊಡೆದರು. ಮೊಳೆ ಜಾರಿತು.

"ಬುಡಾನೂ ಗಡಸಾಗೈತೆ ಕಣವ್ವ. ಸುಲಿಯೋನು ಮೈಭಾರ ಬುಟ್ಟು ಒತ್ತುದ್ರೆ ಲಟಕ್ಕಂತ ಮುರೀತದೆ. ಇದುಕ್ಕೆ ನಮ್ ಗುರುತು ಬ್ಯಾಡ, ಬುಡು."

ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲಲ್ಲ, ನನ್ನ ಲೆಕ್ಕದ ಮೇಲೆ. ಥೀಸಿಸ್ಸಿಗೆ ಯಾರು ಬೇಕಾದರೂ ಸಹಿ ಹಾಕಲಿ, ನನಗೆ ಆ ಮೂರು ಚುಕ್ಕೆ ಬೇಕಿತ್ತು.

ಮತ್ತೆ ಲೆಕ್ಕಕ್ಕೆ ಕೂತೆ. ಕಂಪ್ಯೂಟರಿನಲ್ಲಿ ನಾನು ಸಲಾಕೆಯನ್ನು ಉದ್ದಕ್ಕೂ ಒಂದೇ ದಪ್ಪದ ಕಂಬಿಯಂತೆ ಬಿಡಿಸಿದ್ದೆ. ಅಪ್ಪನದು ಬುಡದಲ್ಲಿ ದಪ್ಪ, ತುದಿಯಲ್ಲಿ ಬಡಿದು ಚಪ್ಪಟೆ ಮಾಡಿದ್ದು. ತೆಳು ತುದಿಯಲ್ಲಿ ಸುಳಿ ಸುತ್ತಲು ಜಾಗ ಸಾಲದೆ ದಪ್ಪ ಬುಡವೇ ಮೊದಲು ಕಾಯುತ್ತಿತ್ತು. ಅವರ ಸಲಾಕೆಯನ್ನು ಇದ್ದ ಹಾಗೆಯೇ ಬಿಡಿಸಿದೆ. ಸುಳಿಗಳು ಚಿಕ್ಕದಾಗಿ ತೆಳು ತುದಿಯಲ್ಲೂ ಹಿಡಿಸುವಂತೆ ಕರೆಂಟು ದಿಕ್ಕು ಬದಲಿಸುವ ವೇಗ ಹೆಚ್ಚಿಸಿ, ಶಾಖ ಬುಡಕ್ಕೆ ಹರಿಯುವ ಮುನ್ನವೇ ನಿಲ್ಲಿಸುವಂತೆ ಲೆಕ್ಕ ಕಟ್ಟಿದೆ. ಹಾಗೆ ಹದ ಹಾಕಿದ ಇನ್ನೊಂದು ಸಲಾಕೆ ಹಿಡಿದು ಊರಿನ ಬಸ್ಸು ಹತ್ತಿದೆ.

ಅಪ್ಪ ತುದಿಗೆ ಅರ ಉಜ್ಜಿದರು. ಅರವೇ ಜಾರಿತು, ತುದಿಗೆ ಗೀರೂ ಬೀಳಲಿಲ್ಲ. ಆಮೇಲೆ ಮೊಳೆ, ಸುತ್ತಿಗೆ ಎರಡನ್ನೂ ನನ್ನ ಕೈಗೆ ಕೊಟ್ಟರು.

"ಹದ ಹಾಕ್ದೋರೇ ಗುರುತು ಹಾಕ್ಬೇಕು ಕಣವ್ವ. ನಮ್ಮಪ್ಪಾನೂ ನಂಗೆ ಹಿಂಗೇ ಕೊಟ್ಟಿದ್ದು."

ಮೊದಲ ಚುಕ್ಕೆ ಕೂತಿತು. ಎರಡನೆಯದೂ ಕೂತಿತು. ಅಷ್ಟರಲ್ಲಿ ಕಣ್ಣು ತುಂಬಿ ಮೂರನೆಯದು ಸೊಟ್ಟಗಾಯಿತು.

ಆ ಸಲಾಕೆಯನ್ನು ಅಪ್ಪ ಮಾರಲೇ ಇಲ್ಲ. ಗಿರಾಕಿ ಬಂದರೆ ಮೊದಲು ಆ ಸೊಟ್ಟ ಚುಕ್ಕೆಯನ್ನು ತೋರಿಸುತ್ತಾರೆ. "ನನ್ ಮಗ್ಳು ಹಾಕಿದ್ದು ಕಣ್ರೀ" ಅನ್ನುತ್ತಾರೆ.