ಕಾಲಿಗೆ ಕೇಳಿದ ಸದ್ದು

ನಾನು ಎರಡನೆಯ ಸಲ ಮದುವೆಯಾದಾಗ ನನಗೆ ಐವತ್ತೆರಡು, ಅವಳಿಗೆ ನಲವತ್ತಾರು. ನಾನು ರಾಯದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರು. ಅವಳು ಮಡಕಶಿರಾದ ಆಚೆ, ರೊಳ್ಳದಲ್ಲಿ ತಮ್ಮನ ಮನೆಯಲ್ಲಿದ್ದುಕೊಂಡು ಬಟ್ಟೆ ಹೊಲಿಯುತ್ತಿದ್ದವಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಅವಳ ವಯಸ್ಸು ಕಳೆದಿತ್ತು. ನನ್ನ ಮೊದಲ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅಕ್ಕನ ಒತ್ತಾಯಕ್ಕೆ ನಾನು ಒಪ್ಪಿದೆ, ತಮ್ಮನ ಒತ್ತಾಯಕ್ಕೆ ಅವಳು.

ಮೊದಲ ತಿಂಗಳು ಅವಳನ್ನು ‘ಬಾ’ ಅನ್ನಬೇಕೋ ‘ಬರ್ರಿ’ ಅನ್ನಬೇಕೋ ನನಗೆ ತಿಳಿಯಲಿಲ್ಲ. ಅದಕ್ಕೇ ಎರಡೂ ಬೇಕಾಗದ ಮಾತುಗಳನ್ನು ಹುಡುಕಿ ಆಡುತ್ತಿದ್ದೆ. ಊಟ ಆತಾ? ನಳದಾಗ ನೀರು ಬಂತಾ? ಅವಳೂ ಹೂಂ, ಉಹೂಂ ಅಂದು ಮುಗಿಸುತ್ತಿದ್ದಳು.

ಮದುವೆಯ ನಂತರ ಮೊದಲ ಸಲ ಅವಳ ತಮ್ಮ ಊಟಕ್ಕೆ ಕರೆದ. ಭಾನುವಾರ ಬೆಳಿಗ್ಗೆ ನನ್ನ ಹದಿನೇಳು ವರ್ಷದ ಕಾರಿನಲ್ಲಿ ಹೊರಟೆವು. ಮೊದಲ ಹೆಂಡತಿಯೂ ನಾನೂ ಜೊತೆಗೆ ಹೋಗಿ ಬಣ್ಣ ಆರಿಸಿ ತಂದ ಕಾರು ಅದು. ನಾನು ಮನೆಗೆ ಬೀಗ ಹಾಕಿ ಬರುವಷ್ಟರಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಮುಂದಿನ ಸೀಟಿನ ಮೇಲೆ ಶಾಲೆಯ ಉತ್ತರಪತ್ರಿಕೆಗಳ ಕಟ್ಟು, ಛತ್ರಿ, ಖಾಲಿ ಟಿಫನ್ ಡಬ್ಬಿ ಬಿದ್ದಿದ್ದವು. ಅವನ್ನು ತೆಗೆಯಲು ನನಗೂ ಕೈ ಬರಲಿಲ್ಲ.

ಕಾರಿನ ಬಾನೆಟ್ಟಿನ ಕೆಳಗೆ ಮೂರು ತಿಂಗಳಿಂದ ಒಂದು ಸದ್ದು ಶುರುವಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಬಡಿದಂತೆ ಠಣ್ ಎನ್ನುವುದು, ಸುಮ್ಮನಾಗುವುದು. ರಾಯದುರ್ಗದ ಮೆಕ್ಯಾನಿಕ್ ಎರಡು ಸಲ ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟ. ಆಗೆಲ್ಲ ಅದು ಬಾಯಿಯೇ ಬಿಡಲಿಲ್ಲ. ಬೆಲ್ಟ್ ಬದಲಿಸಿದ, ಸೈಲೆನ್ಸರಿನ ಬೋಲ್ಟು ಬಿಗಿ ಮಾಡಿದ. ಸದ್ದು ಹೋಗಲಿಲ್ಲ. ನಾನು ರೇಡಿಯೊ ಜೋರು ಮಾಡಿಕೊಂಡು ಓಡಾಡುತ್ತಿದ್ದೆ.

ಕಲ್ಯಾಣದುರ್ಗ ದಾಟಿದ ಮೇಲೆ ರೇಡಿಯೊಗೂ ಅದು ಬಗ್ಗಲಿಲ್ಲ. ಬೇವಿನ ಮರದಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್ ಏನೂ ಅರಿಯದಂತೆ ಸಣ್ಣಗೆ ಗುರುಗುಡುತ್ತಿತ್ತು. ಅವಳೂ ಇಳಿದು ಬಂದಳು.

“ಯಾಕೆ ನಿಲ್ಸುದ್ರಿ?”

“ಠಣ್ ಅಂತೈತಿ. ನಿಂತ್ರ ಸುಮ್ಮನಾಗ್ತೈತಿ. ಎಲ್ಲಿಂದ ಬರ್ತೈತೊ ತಿಳಿವಲ್ದು.”

ಅವಳು ನನ್ನನ್ನು ನೋಡದೆ ಎಂಜಿನ್ನನ್ನೇ ನೋಡುತ್ತ ಕೇಳಿದಳು: “ಹಿಂದೆ ಸರಿಯಾಗಿ ಕೇಳ್ಸಲ್ಲ. ನಾನು ಮುಂದೆ ಕುಂತ್ಕಳ್ಳಾ?”

“ಬಾ, ಕುಂದ್ರು ಬಾ” ಅಂದೆ. ಯೋಚಿಸುವ ಮೊದಲೇ ಮಾತು ಆಡಿಯಾಗಿತ್ತು. ಸೀಟಿನ ಮೇಲಿದ್ದುದನ್ನೆಲ್ಲ ಬಾಚಿ ಹಿಂದಕ್ಕೆ ಹಾಕಿದೆ.

ಅವಳು ಕೂತವಳೇ ಚಪ್ಪಲಿ ಬಿಚ್ಚಿ, ಬರಿಗಾಲನ್ನು ಕಾರಿನ ತಳಕ್ಕೆ ಊರಿದಳು. “ರೇಡಿಯೊ ಆರ್ಸಿ. ಹೊಲಿಗೆ ಮಿಷನ್ ಕೆಟ್ರೆ ಕಿವಿಗಿಂತ ಮುಂಚೆ ಕಾಲಿಗೆ ಗೊತ್ತಾಗ್ತೈತೆ.”

ಕಾರು ಹೊರಟಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಸದ್ದಾದಾಗಲೆಲ್ಲ ತೋರುಬೆರಳು ಎತ್ತುತ್ತಿದ್ದಳು. “ಇನ್ನೊಂದ್ಸಲ ನಿಲ್ಸಿ ಹೊಂಡಿಸಿ” ಎನ್ನುವಳು. ನಾನು ನಿಲ್ಲಿಸಿ ಹೊರಡಿಸುವೆ. “ಈಗ ಗೇರ್ ಹಾಕಿ” ಎನ್ನುವಳು, ಹಾಕುವೆ. ಹಿಂದೆ ಬಂದ ಲಾರಿಯವನು ಬೈದು ಮುಂದೆ ಹೋದ. ಇಬ್ಬರೂ ನಕ್ಕೆವು. ಪಾವಗಡ ಬರುವಷ್ಟರಲ್ಲಿ ಅವಳಿಗೆ ಲೆಕ್ಕ ಸಿಕ್ಕಿತ್ತು.

“ಗಾಡಿ ಹೊಂಡುವಾಗ ಒಂದ್ಸಲ. ಗೇರ್ ಬದ್ಲಾಯ್ಸಿ ಕ್ಲಚ್ ಬಿಟ್ಟಾಗ ಒಂದ್ಸಲ. ಸುಮ್ನೆ ಓಡ್ವಾಗ ಇಲ್ಲ. ನನ್ನ ಎಡಗಾಲ ಕಡೆ ಜಾಸ್ತಿ ಬಡೀತೈತೆ.”

ಮಡಕಶಿರಾದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಶೆಡ್ ತೆರೆದಿತ್ತು. ನೆರೆಗೂದಲಿನ ಮೆಕ್ಯಾನಿಕ್ ನನ್ನನ್ನು ವಿಚಾರಿಸಿದಾಗ “ಇವರನ್ನ ಕೇಳ್ರಿ” ಅಂದೆ. ಅವಳು ಅದೇ ನಾಲ್ಕು ಮಾತು ಹೇಳಿದಳು. ಅವನು ಬಾನೆಟ್ ಎತ್ತಿ, ನನಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಡಿಸಿದ. ಎಂಜಿನ್ ಎಡಗಡೆ ಎರಡು ಬೆರಳು ಎದ್ದು ಠಣ್ ಎಂದು ಕೂತಿತಂತೆ. ಅವಳು “ಅಯ್ಯಪ್ಪಾ!” ಎಂದು ಕೂಗಿದ್ದು ಒಳಗೆ ಕೂತ ನನಗೆ ಕೇಳಿತು.

“ಎಂಜಿನ್ ಕುಂತಿರೋ ರಬ್ಬರ್ ಹರ್ದೋಗೈತೆ ಸಾರ್. ನಿಂತ ಗಾಡೀಲಿ ಇದು ಸಿಗಲ್ಲ. ಅಮ್ಮ ಹೇಳ್ದೆ ಇದ್ದಿದ್ರೆ ನಾನೂ ಬೆಲ್ಟೇ ನೋಡ್ತಿದ್ದೆ.”

ರಬ್ಬರ್ ಬದಲಿಸಲು ಒಂದು ಗಂಟೆ ಬೇಕಿತ್ತು. ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಟೀ ಬಂದ ಮೇಲೆ ಅವಳು ಕೇಳಿದಳು: “ಅಕ್ಕ ಈ ಕಾರಲ್ಲಿ ಬಾಳ ಓಡಾಡ್ತಿದ್ರಾ?”

ಅಕ್ಕ ಎಂದದ್ದು ಯಾರನ್ನೆಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನನಗೆ ನೋವಾದೀತೆಂದು ಆರು ವರ್ಷದಲ್ಲಿ ಯಾರೂ ಮೊದಲ ಹೆಂಡತಿಯ ಸುದ್ದಿ ಎತ್ತಿರಲಿಲ್ಲ.

“ಓಡಾಡ್ತಿದ್ಲು. ಊರು ದಾಟೋದ್ರೊಳಗ ನಿದ್ದಿ ಹೋಗಿಬಿಡ್ತಿದ್ಲು. ನಾನು ಒಬ್ಬನೇ ಮಾತಾಡ್ಕೋತ ಹೊಡೀತಿದ್ದೆ.”

“ನಂಗೆ ಗಾಡೀಲಿ ನಿದ್ದೆ ಬರಲ್ಲ” ಅಂದಳು.

ಆಮೇಲೆ ನಾನು ಬಹಳ ಹೇಳಿದೆ. ಬಣ್ಣ ಆರಿಸುವಾಗ ಆದ ಜಗಳ, ಕೊನೆಯ ವರ್ಷದ ಬಳ್ಳಾರಿ ಆಸ್ಪತ್ರೆಯ ಓಡಾಟ, ಎಲ್ಲ. ಅವಳು ಕೆನೆ ಕಟ್ಟಿದ ನನ್ನ ಟೀ ಲೋಟವನ್ನು ತೆಗೆದುಕೊಂಡು ಹೋಗಿ, ಬಿಸಿಯದು ತಂದು ಕೈಗೆ ಕೊಟ್ಟಳು.

ರೊಳ್ಳ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮುದ್ದೆ ಆರಿಹೋಗಿತ್ತು. ತಡ ಯಾಕಾಯಿತೆಂದು ಅವಳ ತಮ್ಮ ನನ್ನನ್ನು ಕೇಳಿದ; ಉತ್ತರ ಅವಳು ಕೊಟ್ಟಳು. ಲಾರಿಯವನ ಬೈಗುಳದಿಂದ ಹಿಡಿದು ಎಂಜಿನ್ ಎದ್ದು ಕೂತ ಚಂದದವರೆಗೂ ಕೈ ಆಡಿಸಿ ಹೇಳಿದಳು. ತಮ್ಮನ ಹೆಂಡತಿ ಸಾರಿನ ಸೌಟು ಹಿಡಿದು ಬಡಿಸುವುದನ್ನೇ ಮರೆತು ನಿಂತಿದ್ದಳು. ನನ್ನ ಹೆಂಡತಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೇಳುತ್ತಾ ಕೂತೆ.