ಹುಲ್ಲಿನ ಗಂಟು

ವಯನಾಡಿನ ತೃಶ್ಶಿಲೇರಿಯ ಮೇಲಿನ ಕಾಡಿನಲ್ಲಿ ಹೂ ಕಾಣುವ ಕಣ್ಣೆಂದರೆ ಮಾತಿಯದು. ಕಾಫಿ ತೋಟದ ಕೂಲಿಗೆ ಹೋಗುವಾಗಲೂ ಅವಳ ನೋಟ ಕಾಲುದಾರಿಯ ಅಂಚಿನಲ್ಲೇ. ಹೂ ಕಂಡರೆ ಕೀಳುತ್ತಿರಲಿಲ್ಲ. ಪಕ್ಕದ ಹುಲ್ಲನ್ನು ಸೇರಿಸಿ ಗಂಟು ಹಾಕುತ್ತಿದ್ದಳು. ಹಿಂದೆ ಬರುವ ಅವಳ ಹಾಡಿಯ ಜನಕ್ಕೆ ಅಷ್ಟು ಸಾಕು: ಇಲ್ಲೊಂದು ಜೀವವಿದೆ, ಕತ್ತಿ ಬೀಸಬೇಡ.

ಗುಡ್ಡದ ನೆತ್ತಿಯಲ್ಲಿ ನೆಲದಿಂದಲೇ ಏಳುವ ಬಿಳಿ ಸೀತಾಳೆ ಹೂವನ್ನು ಮಾತ್ರ ತಾಯಿಯೇ ಮಗಳ ಕೈಹಿಡಿದು ತೋರಿಸಬೇಕು, ಅದು ಅವರ ರೂಢಿ. ಅವ್ವ ಸತ್ತ ಮೇಲೆ ಮಾತಿಗೆ ಉಳಿದ ಆಸ್ತಿ ಅದೊಂದೇ. ಮಗಳು ವೆಳ್ಳಚ್ಚಿಗೆ ಹನ್ನೆರಡು ತುಂಬಿತ್ತು. ಈ ಮಳೆಗಾಲಕ್ಕೆ ತೋರಿಸುವುದೆಂದು ನಿಶ್ಚಯಿಸಿದ್ದಳು.

ವಯನಾಡು ಜಿಲ್ಲೆಯಾಗಿ ಎರಡು ವರ್ಷ. ಜಿಲ್ಲಾಕೇಂದ್ರವಾದ ಕಲ್ಪೆಟ್ಟಕ್ಕೆ ಕಚೇರಿಗಳು ಬಂದವು, ಬೆನ್ನಿಗೇ ಕಂಡಕಂಡವರೂ ಬಂದರು. ಅಂಗಡಿಯ ರಾಘವನ್ ಒಂದು ಬೆಳಿಗ್ಗೆ ಕನ್ನಡಕದ ಮನುಷ್ಯನೊಬ್ಬನನ್ನು ಮಾತಿಯ ಗುಡಿಸಲಿಗೇ ಕರೆತಂದ.

“ಸಾರ್‌ಗೆ ಕಾಡುಹೂ ನೋಡ್ಬೇಕಂತೆ, ಮಾತೀ. ಬರೇ ನೋಡಕ್ಕೆ.”

ಪಾಪದವಳು, ನಂಬಿದಳು. ಜಿಗಣೆ ಕಚ್ಚಿಸಿಕೊಂಡು ಎರಡು ದಿನ ಸುತ್ತಿಸಿದಳು. ಆತ ಪ್ರತಿ ಹೂವಿನ ಮುಂದೆಯೂ ಮಂಡಿಯೂರಿ ಹೆಸರು ಬರೆದುಕೊಂಡ. ಹೂವಿಗೆ ಮಂಡಿಯೂರುವವನು ಕೆಟ್ಟವನಿರಲಾರ ಎಂದುಕೊಂಡು ಮೂರನೆಯ ದಿನ ನೆತ್ತಿಗೂ ಹತ್ತಿಸಿದಳು. ಸೀತಾಳೆ ಆಗಿನ್ನೂ ಮೊಗ್ಗು. ಒಂದೊಂದು ಗಿಡದ ಪಕ್ಕವೂ ಗಂಟು ಹಾಕಿದಳು.

“ಗಂಟಿದ್ರೆ ಯಾರೂ ಮುಟ್ಟಾಂಗಿಲ್ಲ ಸಾರೇ.”

ಆತ ನಕ್ಕು ತಲೆಯಾಡಿಸಿದ.

ಹತ್ತು ದಿನ ಬಿಟ್ಟು ಮಾತಿ ಮಗಳ ಕೈಹಿಡಿದು ಗುಡ್ಡ ಹತ್ತಿದಳು. ಗಂಟುಗಳೆಲ್ಲ ಹಾಕಿದ ಹಾಗೇ ಇದ್ದವು. ಒಂದೊಂದು ಗಂಟಿನ ಪಕ್ಕದಲ್ಲೂ ಒಂದೊಂದು ಗುಂಡಿ. ಗೆಡ್ಡೆಸಮೇತ ಅಗೆದು ಒಯ್ದಿದ್ದರು. ಹೂ ಕಣ್ಣಿಗೆ ಬೀಳದವನಿಗೂ ಗಂಟು ಕಾಣುತ್ತದಲ್ಲ! ಕಳ್ಳನ ಕೈಗೆ ಕೀಲಿಕೈ ಕೊಟ್ಟವಳು ಅವಳೇ.

“ಯಾವ ಹೂ ಅವ್ವಾ?” ಎಂದಳು ವೆಳ್ಳಚ್ಚಿ.

ಮಾತಿ ಗುಂಡಿಯ ಪಕ್ಕ ಕುಸಿದು ಎದೆ ಬಡಿದುಕೊಂಡು ಅತ್ತಳು. ಗುಡ್ಡ ಇಳಿದು ಕೇಳಿದ್ದಕ್ಕೆ ರಾಘವನ್ “ನಂಗೇನ್ ಗೊತ್ತಿತ್ತು” ಎಂದು ಕೈತೊಳೆದುಕೊಂಡ. ಅಲ್ಲಿಂದ ಮುಂದೆ ಅವಳು ಯಾವ ಹುಲ್ಲಿಗೂ ಗಂಟು ಹಾಕಲಿಲ್ಲ. ಹೂವಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು.

ಅದಾಗಿ ನಾಲ್ಕನೆಯ ಮಳೆಗಾಲದಲ್ಲಿ ತಾಯಿ ಮಗಳು ಸೌದೆಗೆಂದು ಅದೇ ಗುಡ್ಡಕ್ಕೆ ಹೋದರು. ಬಂಡೆಯ ಸಂದಿಯಲ್ಲಿ ಒಂದೇ ಒಂದು ಬಿಳಿ ಸೀತಾಳೆ ಅರಳಿತ್ತು. ಮಾತಿಯ ಕೈ ತಾನಾಗಿ ಹುಲ್ಲಿನತ್ತ ಹೋಯಿತು, ಹಿಂದಕ್ಕೆಳೆದುಕೊಂಡಳು. ಹಿಂದೆ ವೆಳ್ಳಚ್ಚಿ ಬರುತ್ತಿದ್ದಳು. ಅವಳೂ ಅವ್ವನಂತೆಯೇ ಕೇಳಿದವರಿಗೆಲ್ಲ ನಂಬಿ ಹೇಳುವ ಹುಡುಗಿ.

“ಯಾಕವ್ವಾ ನಿಂತ್ಬುಟ್ಟೆ? ಏನೈತೆ ಅಲ್ಲಿ?”

“ಏನೂ ಇಲ್ಲ, ನಡಿ” ಎಂದ ಮಾತಿ, ಹೂವಿಗೆ ಅಡ್ಡವಾಗಿ ನಿಂತು ಮಗಳನ್ನು ಮುಂದೆ ಕಳಿಸಿದಳು.